ರಾಣಿಯ ಮೂಗು ಸವೆದದ್ದು

ಹೊಸಪೇಟೆಯಲ್ಲಿ ನನ್ನದು ಗಡಿಯಾರ ರಿಪೇರಿ ಅಂಗಡಿ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇದೆ ಎಂಬ ಒಂದೇ ಕಾರಣಕ್ಕೆ ಜನ ಹಳೇ ನಾಣ್ಯಗಳನ್ನೂ ತಂದು ನನ್ನ ಮುಂದೆ ಸುರಿಯತೊಡಗಿದರು. ನೋಡಿ ನೋಡಿ ನನಗೂ ಹುಚ್ಚು ಹಿಡಿಯಿತು. ಗಡಿಯಾರದವರು ಬಂದರೆ ಕೆಲಸವಾಗುತ್ತದೆ, ನಾಣ್ಯದವರು ಬಂದರೆ ಕಥೆಯಾಗುತ್ತದೆ. ಅದಿರಿನ ಲಾರಿಗಳು ಊರನ್ನೆಲ್ಲ ಕೆಂಪು ಮಾಡಿದ್ದ ಆ ಕಾಲದಲ್ಲಂತೂ ಕಥೆಗಳಿಗೆ ಬರವೇ ಇರಲಿಲ್ಲ. ಈ ಮೂರು ಕಥೆಗಳನ್ನೂ ಒಬ್ಬನೇ ಗಿರಾಕಿ ದಯಪಾಲಿಸಿದ.

ಎಷ್ಟು ಓಡೈತಿ?

ಅವನು ಸಂಡೂರಿನ ಲಾರಿ ಮಾಲೀಕ. ಮೈನಿಂಗ್ ದುಡ್ಡಿನಲ್ಲಿ ಹೊಸದಾಗಿ ಮೇಲೆ ಬಂದವನು. ಮಗಳನ್ನು ಕಂಪ್ಲಿಯ ರೈಸ್‌ಮಿಲ್ಲಿನವರ ಮನೆಗೆ ಕೊಡುವ ಮಾತಾಗಿತ್ತು. ಆ ಬೀಗರು ತಮ್ಮ ನಾಣ್ಯದ ಆಲ್ಬಮ್ ಬಿಚ್ಚಿ, "ಹಳೇ ಮನೆತನ ಅಂದ್ರ ಇದು ನೋಡ್ರಿ" ಅಂದಿದ್ದರಂತೆ. ಇವನಿಗೆ ಮೈಯೆಲ್ಲ ಉರಿದಿತ್ತು. ನಿಶ್ಚಿತಾರ್ಥದೊಳಗಾಗಿ ಬೀಗರ ಬಾಯಿ ಮುಚ್ಚಿಸುವಂಥ ನಾಣ್ಯ ಬೇಕೆಂದು ಬಂದ.

ನಾನೊಂದು ಬೆಳ್ಳಿ ರೂಪಾಯಿ ತೋರಿಸಿದೆ. ತಿರುವಿ ನೋಡಿ, "ಯಾವ ಮಾಡೆಲ್ ಅಣ್ಣಾ? ಎಷ್ಟು ಓಡೈತಿ?" ಎಂದು ಕೇಳಿದ. ಯಾವ ಇಸವಿಯದು, ಎಷ್ಟು ಕೈ ದಾಟಿ ಸವೆದಿದೆ ಎಂಬುದು ನಿಜಕ್ಕೂ ನಾಣ್ಯ ನೋಡುವವರು ಕೇಳಬೇಕಾದ ಪ್ರಶ್ನೆಯೇ. ಖುಷಿಯಾಗಿ ಕೊಟ್ಟೆ.

ಮೂರೇ ದಿನಕ್ಕೆ ವಾಪಸ್ ಬಂದ. ರೂಪಾಯಿ ಸ್ಟೀಲ್ ಲೋಟದಂತೆ ಫಳಫಳ ಹೊಳೆಯುತ್ತಿತ್ತು. ಅಕ್ಕಸಾಲಿಗನ ಹತ್ತಿರ ಮಷಿನ್ನಿಗೆ ಕೊಟ್ಟು ಪಾಲಿಶ್ ಮಾಡಿಸಿದ್ದ. ಹಳೇ ನಾಣ್ಯವನ್ನು ಉಜ್ಜಿಸಿ ಅದರ ಅರ್ಧ ಬೆಲೆ ಕಳೆದೆಯಲ್ಲ ಎಂದು ನಾನು ತಲೆ ಚಚ್ಚಿಕೊಂಡೆ.

ಅವನು ನನ್ನನ್ನೇ ಅನುಮಾನದಿಂದ ನೋಡಿದ. "ಪೇಂಟ್ ಹೊಡದ್ರ ರೇಟು ಇಳೀತೈತಿ ಅಂದ್ರ ಇದೆಂಥಾ ಗಾಡಿ ಅಣ್ಣಾ?"

ಹಂಪಿಯ ಮಣ್ಣು

ಮುಂದೆ ಅವನು ಹಂಪಿಯಲ್ಲಿ ಯಾರಿಂದಲೋ ಗುಟ್ಟಾಗಿ ಒಂದು ತಾಮ್ರದ ಕಾಸು ಕೊಂಡು ತಂದ. ಆಗಷ್ಟೇ ಹೊಲದಲ್ಲಿ ಸಿಕ್ಕಿದ್ದಂತೆ. ಮೇಲೆಲ್ಲ ಕೆಂಪು ಮಣ್ಣು ಮೆತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಕೈಯಿಂದ ಕೈಗೆ ಹೋದ ಕಾಸಿನಲ್ಲಿ ಉಬ್ಬಿದ ಭಾಗ ಮೊದಲು ಸವೆಯುತ್ತದೆ. ಇದರಲ್ಲಿ ಉಬ್ಬು ತಗ್ಗು ಎಲ್ಲ ಸಮನಾಗಿ ಮಂಕಾಗಿತ್ತು, ಅಂಚಿನಲ್ಲಿ ಅಚ್ಚಿಗೆ ಎರಕ ಹೊಯ್ದ ಗೆರೆ ಬೇರೆ. ಖೋಟಾ ಎಂದೆ.

ಅವನು ನಂಬಲಿಲ್ಲ. "ಮಣ್ಣು ನೋಡ್ರಿ ಮಣ್ಣು" ಎನ್ನುತ್ತ ಬೆರಳಿನಿಂದ ಕೆರೆದು ತಿಕ್ಕಿದ. ತಿಕ್ಕುತ್ತ ತಿಕ್ಕುತ್ತ ಅವನ ಮುಖ ಬದಲಾಯಿತು. ಬೆಳಕಿಗೆ ಹಿಡಿದು ನೋಡಿದ. ನಾಲಿಗೆಗೂ ಹಚ್ಚಿಕೊಂಡ.

"ಇದು ಹೊಲದ್ದಲ್ಲ ಅಣ್ಣಾ, ನಮ್ಮ ಮೈನ್ಸಿಂದು" ಎಂದ. ಆಮೇಲೆ ಹೆಮ್ಮೆ ತಡೆಯಲಾರದೆ ಸೇರಿಸಿದ, "ಕಾಸು ಖೋಟಾ ಇರಬಹುದು, ಮಣ್ಣು ಮಾತ್ರ ಎಕ್ಸ್‌ಪೋರ್ಟ್ ಮಾಲು."

ಒಂದೇ ಬದಿ

ನಿಶ್ಚಿತಾರ್ಥ ನಾಳೆ ಎನ್ನುವಾಗ ಅವನು ನನ್ನ ಅಂಗಡಿಯಲ್ಲೇ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಅಷ್ಟರಲ್ಲಿ ವಡ್ಡು ಎಂಬ ಹಳ್ಳಿಯಿಂದ ಒಬ್ಬ ಅಜ್ಜಿ ಬಂದಳು. ರಸ್ತೆಯಲ್ಲಿ ಸಾಲುಗಟ್ಟಿ ನಿಲ್ಲುವ ಲಾರಿ ಡ್ರೈವರುಗಳಿಗೆ ಇಡ್ಲಿ ಮಾರುವವಳು. ರುಬ್ಬಿ ರುಬ್ಬಿ ರಟ್ಟೆ ಸೋತು, ಗ್ರೈಂಡರ್ ಕೊಳ್ಳಲು ಬ್ರಿಟಿಷ್ ರಾಣಿಯ ಮುಖವಿರುವ ಬೆಳ್ಳಿ ರೂಪಾಯಿ ಮಾರುವುದಕ್ಕೆ ತಂದಿದ್ದಳು.

ಇಸವಿ ಅಪರೂಪದ್ದು. ಆದರೆ ಸವೆತ ವಿಚಿತ್ರವಾಗಿತ್ತು. ಹಿಂಬದಿಯ ಹೂಬಳ್ಳಿ ಹೊಸದರಂತಿದೆ, ಮುಂಬದಿಯಲ್ಲಿ ರಾಣಿಗೆ ಮೂಗೇ ಇಲ್ಲ. ಆದರೂ ಗ್ರೈಂಡರಿನ ಬೆಲೆಗೆ ಮೋಸವಿಲ್ಲ ಎಂದು ಹೇಳಿದೆ.

ಲಾರಿ ಮಾಲೀಕನ ಕಣ್ಣು ಹೊಳೆಯಿತು. ಆದರೆ ಚೌಕಾಸಿ ರಕ್ತದಲ್ಲೇ ಇದೆಯಲ್ಲ. "ಮುಂದಿನ ಬಂಪರ್ ಹೋಗೈತಿ ಯಮ್ಮಾ. ಅರ್ಧಕ್ಕ ಕೊಡು."

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಥೇಟ್ ಅಪ್ಪನ ಮಾರಿ. ನೀ ನಮ್ಮೂರ ಬಾವಿ ಮನಿಯವರ ಮಗ ಅಲ್ಲೇನಲೇ?"

"ಹೌದು ಯಮ್ಮಾ. ಸಣ್ಣಾಂವಿದ್ದಾಗ ಊರು ಬಿಟ್ವಿ."

"ಹುಟ್ಟಿದಾಗ ನಿನ್ನ ಹೊಕ್ಕಳ ಬದನಿಕಾಯಿ ಹಂಗ ಉಬ್ಬಿತ್ತು. ಅದು ತಗ್ಗಲಿ ಅಂತ ಈ ರೂಪಾಯಿನ ರಾಣಿ ಮುಖ ಹೊಟ್ಟಿಗೆ ಮಾಡಿ ಇಟ್ಟು ಅರಿವಿ ಕಟ್ಟಿದ್ದೆ. ಕೂಸಿನ ಮೈಗೆ ಹತ್ತೋ ಬದಿ ಅಂತ ದಿನಾ ವಿಭೂತಿ ಹಾಕಿ ತಿಕ್ಕೀನಿ. ಊರ ಕೂಸುಗಳದೆಲ್ಲ ತಿಂಗಳಿಗೆ ಒಳಗ ಹೋದ್ವು, ನಿಂದು ವರ್ಷ ಹಿಡೀತು. ಆ ಮೂಗು ತಿಂದಾಂವ ನೀನ. ಈಗ ನನಗ ರೇಟು ಇಳಸ್ತೀಯಾ?"

ನಾನು ನಗು ತಡೆಯಲಾರದೆ ಭೂತಗನ್ನಡಿ ಬೀಳಿಸಿಕೊಂಡೆ. ಅವನು ಪೂರ್ತಿ ದುಡ್ಡು ಎಣಿಸಿ, ಗ್ರೈಂಡರನ್ನು ತನ್ನ ಲಾರಿಯಲ್ಲೇ ವಡ್ಡಿಗೆ ಕಳಿಸುತ್ತೇನೆಂದ. ಅಜ್ಜಿ ಗೆದ್ದದ್ದು ನೋಡಿ ನನಗೆ ಹೊಟ್ಟೆ ತಣ್ಣಗಾಯಿತು.

ಮರುದಿನ ನಿಶ್ಚಿತಾರ್ಥಕ್ಕೆ ನನ್ನನ್ನೂ ಕಂಪ್ಲಿಗೆ ಕರೆದೊಯ್ದ. ಊಟವಾದ ಮೇಲೆ ಬೀಗರು ಆ ರೂಪಾಯಿಯನ್ನು ಕನ್ನಡಕದ ಹತ್ತಿರ ಹಿಡಿದು, "ಇಸವಿ ಭಾಳ ಚಲೋ ಐತಿ. ಆದ್ರ ರಾಣಿಗೆ ಮೂಗ ಇಲ್ಲಲ್ರಿ" ಎಂದು ನಕ್ಕರು.

ನಮ್ಮವನು ಮಾತ್ರ ಎದೆಯುಬ್ಬಿಸಿದ. "ಮೂಗು ನಾನ ಸವೆಸೀನ್ರಿ, ತೊಟ್ಟಿಲದಾಗ ಇದ್ದಾಗ. ನಿಮ್ಮ ಆಲ್ಬಮ್ಮಿನಾಗ ನೀವ ಖುದ್ದು ಸವೆಸಿದ್ದು ಒಂದರ ಐತೇನ್ರಿ?"

ಬೀಗರು ತಬ್ಬಿಬ್ಬಾದರು. "ಅದಕ್ಕ ಸಾಕ್ಷಿ ಏನ್ರಿ?"

ಎರಡೂ ಕಡೆಯ ನೆಂಟರು ನೋಡುತ್ತಿದ್ದಂತೆ ಅವನು ರೇಷ್ಮೆ ಅಂಗಿಯ ಗುಂಡಿ ಬಿಚ್ಚಿ, ಹೊಟ್ಟೆ ಮುಂದೆ ಮಾಡಿ ನಿಂತ.

"ಬರ್ರಿ ಬೀಗರ, ಇಟ್ಟು ನೋಡ್ರಿ. ಅಳತಿಗೆ ಸರಿ ಕುಂದರತೈತಿ."