ಬಣ್ಣದ ಕಾರ್ಖಾನೆಯ ಏಳು ಮೀನುಗಳ ಸನ್ನಿಧಾನಕ್ಕೆ

ಮಾನ್ಯ ಮೀನುಗಳೇ,

ಬಟ್ಟೆಗೆ ಬಣ್ಣ ಹಾಕುವ ನಮ್ಮ ಕಾರ್ಖಾನೆಯ ಹಿಂಬಾಗಿಲಿನ ಗಾಜಿನ ತೊಟ್ಟಿಯಲ್ಲಿ ಹೊಸದಾಗಿ ಅಧಿಕಾರ ವಹಿಸಿಕೊಂಡಿರುವ ತಮಗೆ ಏಳೂ ಮಂದಿಗೆ, ತಮ್ಮ ಹಿಂದಿನವರ ಸೇವೆಯಲ್ಲಿದ್ದ ಈ ಕೂಲಿಯವನ ಸವಿನಯ ನಮಸ್ಕಾರಗಳು.

ಇಲ್ಲಿಂದ ಹೊರಬೀಳುವ ನೀರು ಶುದ್ಧವೆಂಬುದಕ್ಕೆ ತಾವು ಬದುಕಿರುವುದೇ ಪ್ರಮಾಣಪತ್ರ; ಪರಿಸರವೂ ಉಳಿಯಿತು, ಉದ್ಯಮವೂ ಬೆಳೆಯಿತು ಎಂದು ತಮ್ಮ ಬಾಲದಾಟ ನೋಡಿಯೇ ತಪಾಸಣೆಯ ಸಾಹೇಬರು ಬರೆದುಕೊಳ್ಳುತ್ತಾರೆ. ಇಷ್ಟು ದೊಡ್ಡ ಹೊಣೆ ಹೊತ್ತವರಿಗೆ ಗಾಳಿಯ ಗುಳ್ಳೆ ಬಿಡುವ ಯಂತ್ರ, ಕರೆಂಟು ಹೋದರೂ ನಿಲ್ಲದ ಫ್ಯಾನು, ಯಾರಿಗೂ ಕಾಣದಂತೆ ನಾನು ದಿನವೂ ಸುರಿಯುತ್ತಿದ್ದ ಕುಡಿಯುವ ನೀರಿನ ಕ್ಯಾನು, ಇವೆಲ್ಲ ನ್ಯಾಯವೇ. ನನ್ನ ಅಕ್ಕ ಒಂಬತ್ತು ವರ್ಷದಿಂದ ಬಣ್ಣದ ಹಂಡೆಯ ಹಬೆಯಲ್ಲಿ ನಿಂತು ಕೆಮ್ಮುತ್ತಿದ್ದಾಳೆ. ಒಂದು ಕಿಟಕಿ ಕೇಳಿದ್ದಕ್ಕೆ ಮೇಸ್ತ್ರಿ, "ಕಿಟಕಿ ಇಟ್ರೆ ಹಂಡೆ ಆರಿಹೋಗುತ್ತೆ ಕಣಮ್ಮ" ಎಂದರು. ಮೀನಾಗಿ ಹುಟ್ಟದೆ ಹೋದದ್ದು ಅವಳದೇ ತಪ್ಪು.

ಇನ್ನು ನನ್ನ ಅಪರಾಧ. ಹೋದ ತಪಾಸಣೆಯ ಬೆಳಿಗ್ಗೆ ಕ್ಯಾನು ಬರಲಿಲ್ಲ, ಸಾಹೇಬರು ಮಾತ್ರ ಬಂದೇಬಿಟ್ಟರು. ತೊಟ್ಟಿಯ ಮೇಲೆ ದಪ್ಪಕ್ಷರದಲ್ಲಿ 'ನಾವು ಶುದ್ಧೀಕರಿಸಿದ ನೀರು' ಎಂದು ಬರೆದದ್ದನ್ನು ನಂಬಿ, ನಾಲ್ಕಕ್ಷರ ಓದಿ ಕೆಟ್ಟ ನಾನು, ಆ ಶುದ್ಧೀಕರಿಸಿದ ನೀರನ್ನೇ ತಂದು ಸುರಿದೆ. ತಮ್ಮ ಹಿಂದಿನವರು ಐದೇ ನಿಮಿಷದಲ್ಲಿ ಹೊಟ್ಟೆ ಮೇಲೆ ಮಾಡಿ ತೇಲಿದರು. ಸಾಹೇಬರು ಕನ್ನಡಕ ಒರೆಸಿಕೊಂಡು, 'ಕಾರ್ಮಿಕನ ನಿರ್ಲಕ್ಷ್ಯದಿಂದ ಮೀನುಗಳ ಸಾವು; ನೀರಿನ ಗುಣಮಟ್ಟ ತೃಪ್ತಿಕರ' ಎಂದು ಬರೆದರು. ಒಂಬತ್ತು ವರ್ಷದ ಕೆಮ್ಮಿಗೆ ಒಂದು ಚೀಟಿಯೂ ಹುಟ್ಟದ ಆಫೀಸಿನಲ್ಲಿ ಏಳು ಮೀನಿಗೆ ಮೂರು ಪುಟದ ನೋಟಿಸು ಹುಟ್ಟಿತು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಅಕ್ಕನನ್ನು ಎಂಟನೆಯ ಮೀನಾಗಿ ಸೇರಿಸಿಕೊಳ್ಳಬೇಕು. ತೊಟ್ಟಿಯಲ್ಲಿ ಜಾಗವಿಲ್ಲವೆಂದಾದರೆ ಸರದಿಯ ಮೇಲೆ ಒಬ್ಬೊಬ್ಬರಾಗಿ ಹಂಡೆಯ ಬಳಿ ಪಾಳಿ ಮಾಡಬೇಕು. ಅದೂ ಕಷ್ಟವಾದರೆ, ಸಾಹೇಬರು ಬಗ್ಗಿ ನೋಡುವ ಹೊತ್ತಿಗೆ ಏಳೂ ಜನ ಒಟ್ಟಿಗೆ ಒಂದು ಸಲ ಕೆಮ್ಮಿಬಿಡಬೇಕೆಂದು ವಿನಂತಿ. ತಮ್ಮ ಕೆಮ್ಮಿಗೆ ಖಂಡಿತ ಕಿಟಕಿ ಬರುತ್ತದೆ.

ತಮ್ಮ ವಿಶ್ವಾಸಿ,
ಮೀನು ಕೊಂದವನೆಂದು ದಾಖಲಾದವನು

ವಿ.ಸೂ.: ಈ ಪತ್ರ ತಮಗೆ ತಲುಪಿಸುವ ಮೊದಲೇ ಶಿಕ್ಷೆಯ ಆದೇಶ ಬಂತು: ನಾನು ಹಂಡೆಗೆ, ನನ್ನ ಜಾಗಕ್ಕೆ ಅಕ್ಕ. ತಮ್ಮ ಫ್ಯಾನಿನ ಗಾಳಿಯಲ್ಲಿ ವಾರದೊಳಗೆ ಅವಳ ಕೆಮ್ಮು ಇಳಿದಿದೆ, ರಾತ್ರಿ ನಿದ್ದೆ ಮಾಡುತ್ತಿದ್ದಾಳೆ. ಹೀಗಾಗಿ ಮೇಲೆ ಬರೆದ ದೂರನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ಮರೆತೂ ನಮ್ಮ ನೀರು ಸುರಿಯಬೇಡವೆಂದು ಅವಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ತಾವೂ ಅಷ್ಟೇ, ಕೈಮುಗಿದು ಕೇಳುತ್ತೇನೆ, ಸಾಯಬೇಡಿ.