ಹೊಗೆ ಕಂಡರೆ ಕೂಗೋ ಡಬ್ಬಿ

ಕಟ್ಟಡಗಳಿಗೆ ಬೆಂಕಿ ಅಲಾರಂ ಕೂರಿಸೋದು ನನ್ನ ಕೆಲಸ. ಅದು ಕೂಗಿದರೂ ನನಗೇ ಬೈಗುಳ, ಕೂಗದಿದ್ದರೂ ನನಗೇ. ಕೆಜಿಎಫ್‌ನಿಂದ ಬಂಗಾರಪೇಟೆವರೆಗೆ ನಾನು ಏಣಿ ಹತ್ತಿದ ಕಡೆಯೆಲ್ಲ ಏನಾದರೊಂದು ಆಗೇ ಆಗುತ್ತೆ, ಏನ್ ಗ್ರಹಚಾರವೋ!

೧. ತಾತನ ವಾಚು

ಕೆಜಿಎಫ್‌ನ ನಂದಿದುರ್ಗ ಗಣಿ ಕಾರ್ಮಿಕರ ಲೈನ್ ಮನೆಗಳ ಪಕ್ಕ ಒಂದು ಸಣ್ಣ ನರ್ಸಿಂಗ್ ಹೋಂ. ಅಲಾರಂ ಕೂರಿಸಿ, ಮಧ್ಯಾಹ್ನ ಎರಡೂಕಾಲು ಗಂಟೆಗೆ ಪರೀಕ್ಷೆಗೆಂದು ಗೋಡೆಯ ಕೆಂಪು ಗುಂಡಿ ಒತ್ತಿದೆ. ಸೈರನ್ ಕೂಗಿತು. ಎದುರುಮನೆ ತಾತ, ಗಣಿಯಲ್ಲಿ ದುಡಿದು ರಿಟೈರ್ ಆದವರು, ಬಾಗಿಲಿಗೆ ಬಂದು ವಾಚನ್ನ ಹಿಂದಕ್ಕೆ ತಿರುಗಿಸಿ ಎರಡು ಗಂಟೆಗೆ ಇಟ್ಕೊಂಡ್ರು. ಎರಡು ಗಂಟೆ ಪಾಳಿಗೆ ಸೈರನ್ ಕೂಗುತ್ತಿದ್ದ ಗಣಿ ಮುಚ್ಚಿ ಎಷ್ಟೋ ವರ್ಷ ಆಗಿದೆ, ಸೈರನ್ ಕೇಳಿದರೆ ಟೈಮ್ ಸರಿಮಾಡೋ ಅಭ್ಯಾಸ ಮಾತ್ರ ಹೋಗಿಲ್ಲ.

ಮಾರನೇ ದಿನ ಬಂದು ನನ್ನ ಏಣಿ ಹಿಡಿದು ಅಲ್ಲಾಡಿಸಿದರು. "ಏನಪ್ಪಾ, ನಮ್ ಸೈರನ್ ಒಂದ್ ದಿನಾನೂ ತಪ್ಪು ಟೈಮ್ ಹೇಳಿಲ್ಲ. ನಿನ್ನ ನಂಬಿ ಟ್ರೈನ್ ಹೋಯ್ತು ನಂದು!"

೨. ಪಾಪದ ಡಬ್ಬಿ

ಆಮೇಲೆ ಬಂಗಾರಪೇಟೆಯ ಒಂದು ಮದುವೆ ಛತ್ರ. ಹೊಗೆ ಹೊಕ್ಕರೆ ಚಾವಣಿಯ ಡಬ್ಬಿ ಗೋಡೆಯ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತೆ, ಪೆಟ್ಟಿಗೆ ಸೈರನ್ ಕೂಗಿಸುತ್ತೆ. ಇಷ್ಟೇ ವಿದ್ಯೆ. ನಾನೋ ಮಹಾ ಬುದ್ಧಿವಂತ, ಅಡುಗೆಮನೆಗೂ ಅದನ್ನೇ ಹಾಕಿದ್ದೆ. ಒಗ್ಗರಣೆ ಬಿದ್ದಾಗಲೆಲ್ಲ ಕೂಗಾಟ. ಒಂದು ದಿನ ಹೋಗಿ ನೋಡಿದರೆ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿದೆ.

"ಯಾರ್ರೀ ಕಟ್ಟಿದ್ದು?"

"ನಾನೇ ಕಣಣ್ಣ," ಅಂದ ಅಡುಗೆಯವನು. "ಮೆಣಸಿನಕಾಯಿ ಘಾಟಿಗೆ ನಾವೂ ಮೂತಿಗೆ ಬಟ್ಟೆ ಕಟ್ಕತೀವಿ. ಪಾಪ, ಅದೆಷ್ಟು ಅಂತ ಅರಚ್ಕಂತದೆ?"

ಆ ಡಬ್ಬಿಯನ್ನೇ ಬಿಚ್ಚಿ, ಬಿಸಿ ವಿಪರೀತ ಏರಿದರೆ ಮಾತ್ರ ಕೂಗುವ ಡಬ್ಬಿ ಹಾಕಿ ಬಂದೆ.

೩. ಮುಹೂರ್ತ

ಅದೇ ಛತ್ರಕ್ಕೆ ಅಲಾರಂ ತಪಾಸಣೆ ಅಧಿಕಾರಿ ಮದುವೆ ದಿನವೇ ಬರಬೇಕೆ! ಮಾಲೀಕರು ನನ್ನ ಕರೆಸಿ, ಮೂಲೆಗೆ ಎಳಕೊಂಡು ಹೋದರು. "ನೋಡ್ಲಾ, ಅವ್ರು ಒಪ್ಪಲಿಲ್ಲಾಂದ್ರೆ ನನ್ ಛತ್ರಕ್ಕೆ ಬೀಗ. ಮದುವೆ ಮಧ್ಯ ಕೂಗ್ತೋ, ನಿನ್ ಡಬ್ಬಿ ಎಲ್ಲಾ ಕಿತ್ತಾಕ್ತೀನಿ. ಆಮೇಲೆ ಈ ತಾಲೂಕಲ್ಲಿ ನಿನ್ನ ಯಾರ್ ಕೆಲ್ಸಕ್ಕೆ ಕರೀತಾರೋ ನಾನೂ ನೋಡ್ತೀನಿ!"

ಈ ಕೆಲಸ ಬಿಟ್ಟರೆ ನನಗೆ ಬೇರೇನೂ ಬರಲ್ಲ.

ತಾಳಿ ಕಟ್ಟೋಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಪುರೋಹಿತರು ಹೋಮಕ್ಕೆ ಹಸಿ ಸೌದೆ ಒಟ್ಟಿ ತುಪ್ಪ ಸುರಿದರು. ಹೊಗೆ ನೆಟ್ಟಗೆ ಮೇಲಕ್ಕೆ! ಸೈರನ್ ಬಡಕೊಂಡಿತು. ಪುರೋಹಿತರು ಗಾಬರಿಯಾಗಿ ಕೈ ಮೇಲೆತ್ತಿದರು. ವಾದ್ಯದವರು ಅದನ್ನೇ ಸನ್ನೆ ಅಂದುಕೊಂಡು ಗಟ್ಟಿಮೇಳ ಬಾರಿಸಿದರು. ಜನ ಇದ್ದಬದ್ದ ಅಕ್ಷತೆ ಎಸೆದು, ಮೊದಲ ಪಂಕ್ತಿ ಹಿಡಿಯೋಕೆ ಎದ್ದರು ನೋಡಿ, ಎರಡೇ ನಿಮಿಷ, ಹಾಲ್ ಪೂರಾ ಖಾಲಿ!

ಮುಗೀತು ನನ್ನ ಕಥೆ ಅಂದುಕೊಂಡೆ. ಅಧಿಕಾರಿ ಊಟದ ಹಾಲ್‌ಗೆ ಇಣುಕಿ ಬಂದರು.

"ಅಬ್ಬಬ್ಬಾ! ಸೈರನ್ ಆದ ತಕ್ಷಣ ಜನ ಇಷ್ಟು ಬೇಗ ಜಾಗ ಖಾಲಿ ಮಾಡಿದ್ದು ನಾನೆಲ್ಲೂ ಕಂಡಿಲ್ಲ. ಎಲ್ಲಾ ಒಂದೇ ಕಡೆ ಸೇರಿ, ಸಾಲಾಗಿ ಬೇರೆ ಕೂತಿದ್ದಾರೆ! ಭಲೇ ತರಬೇತಿ ಕೊಟ್ಟಿದ್ದೀರಿ!"

ನಿಂತಲ್ಲೇ ಸಹಿ ಹಾಕಿದರು. ಮಾಲೀಕರು ಹಲ್ಲು ಬಿಟ್ಟುಕೊಂಡು ನನ್ನ ಬೆನ್ನು ತಟ್ಟಿದರು. ಉಸ್ಸಪ್ಪಾ, ಬದುಕಿದೆ!

ಅಷ್ಟರಲ್ಲಿ ಮಂಟಪದಿಂದ ಮದುಮಗನ ಕೂಗು. ತಾಳಿ ಇನ್ನೂ ಅವನ ಕೈಯಲ್ಲೇ ಇತ್ತು.

"ಅಣ್ಣಾ, ಇನ್ನೊಂದ್ ಸಲ ಕೂಗಿಸಣ್ಣಾ! ನಾನಿನ್ನೂ ಕಟ್ಟೇ ಇಲ್ಲ!"