ಬೆಚ್ಚಗಿನ ನೀರಿನ ಅಳಿಯ

ನೀರಿಗಿಳಿದವನಿಗೆ ಚಳಿಯೇನು, ಅಳಿಯನೇನು? ಗಾದೆಯಲ್ಲಿರುವುದು ‘ಮಳೆಯೇನು’ ಎಂದು ನೀವು ತಿದ್ದುವ ಮೊದಲೇ ಹೇಳಿಬಿಡುತ್ತೇನೆ: ಗಾದೆ ಕಟ್ಟಿದ ಪುಣ್ಯಾತ್ಮ ನಮ್ಮ ಗಜಾನನನನ್ನು ನೋಡಿರಲಿಲ್ಲ. ಇದು ನಡೆದ ಸಂಗತಿ. ಸುಳ್ಳಾದರೆ ಶರಾವತಿ ಹಿಂದಕ್ಕೆ ಹರಿಯಲಿ ಎಂದು ಆಣೆ ಇಡಬಹುದಿತ್ತು. ಆದರೆ ಲಿಂಗನಮಕ್ಕಿಯಲ್ಲಿ ಅಣೆ ಎದ್ದ ಮೇಲೆ ಅವಳು ನಿಜವಾಗಿಯೂ ಹಿಂದಕ್ಕೆ ಸರಿದು ಹಿನ್ನೀರಾಗಿದ್ದಾಳೆ. ಅಣೆಯ ಮುಂದೆ ಆಣೆ ನಡೆಯದು. ಸುಮ್ಮನೆ ನಂಬಿ.

ಎಲ್ಲಕ್ಕೂ ಕಾರಣ ಒಂದು ಗೇಣುದ್ದದ ಥರ್ಮಾಮೀಟರು. ಕಾರ್ಗಲ್ಲಿನ ಪ್ರಾಜೆಕ್ಟು ಕಚೇರಿಯವರು ಗಜಾನನನನ್ನು ಹೊಳೆಬಾಗಿಲಿನ ದಡಕ್ಕೆ ಹಾಕಿ, ದಿನಾ ಹಿನ್ನೀರಿನ ಶಾಖ ಅಳೆಯುವ ಕೆಲಸ ಕೊಟ್ಟಿದ್ದರು. ಹೆಸರು ಗಜಾನನ, ಮೈ ಊದುಬತ್ತಿ. ಥರ್ಮಾಮೀಟರಿಗೆ ಹಗ್ಗ, ಹಗ್ಗದ ತುದಿಗೆ ಕಲ್ಲು ಕಟ್ಟಿ, ದೋಣಿಯ ನಟ್ಟನಡುವೆ ಕೂತು, ಕಣ್ಣು ಮುಚ್ಚಿಕೊಂಡು ಇಳಿಬಿಡುತ್ತಿದ್ದ. ಅವನ ಹತ್ತಿರ ಬಿ.ಎಸ್ಸಿ. ಡಿಗ್ರಿ ಇತ್ತು, ನೀರಿನ ಡಿಗ್ರಿಯೂ ಗೊತ್ತಿತ್ತು. ಈಜು ಮಾತ್ರ ಗೊತ್ತಿರಲಿಲ್ಲ. ಜನರಿಗೆ ಅದು ತಿಳಿಯದು. ಅವರ ಪಾಲಿಗೆ ಅವನು ನೀರಿನ ಡಾಕ್ಟರು. “ಇವತ್ತು ಹೊಳೆಗೆ ಜ್ವರ ಎಷ್ಟು ಸ್ವಾಮಿ?” ಎಂದು ಕೇಳಿಕೊಂಡೇ ಎಮ್ಮೆ ಮೈ ತೊಳೆಯಲು ಇಳಿಯುತ್ತಿದ್ದರು.

ಆಚೆ ದಡದಲ್ಲಿ ಗೋಪಾಲಪ್ಪನವರಿದ್ದರು. ಮುಳುಗಡೆಯಲ್ಲಿ ಮನೆ ಕಳೆದುಕೊಂಡು ಗುಡ್ಡ ಹತ್ತಿದವರು. ಅವರ ಮಗಳು ಯಮುನೆಯನ್ನು ಗಜಾನನ ದೋಣಿಯಲ್ಲಿ ಕಂಡ. ಕಂಡವನು ಯಮುನೆಯಲ್ಲಿ ಮುಳುಗಿಯೇ ಹೋದ. ಶರಾವತಿಯಲ್ಲಿ ಮುಳುಗುವುದಕ್ಕೆ ಮಾತ್ರ ಅವನು ಸಿದ್ಧನಿರಲಿಲ್ಲ. ಗೋಪಾಲಪ್ಪನವರ ಷರತ್ತು ಅಲ್ಲಿಗೇ ಬಂದು ನಿಂತಿತು. ಮಗಳು ತವರಿಗೆ ಬರಬೇಕೆಂದರೆ ನೀರು ದಾಟಬೇಕು. ದೋಣಿ ಮಗುಚಿದರೆ ಹೆಂಡತಿಯನ್ನು ಎಳೆದು ದಡ ಸೇರಿಸುವ ಈಜುಗಾರನೇ ಅಳಿಯನಾಗಬೇಕು. ಇಲ್ಲವೋ, ಹುಡುಗ ಆಚೆ ದಡಕ್ಕೇ ಬಂದು ಮನೆ ಅಳಿಯನಾಗಿ ಬಿದ್ದಿರಲಿ.

ಮನೆ ಅಳಿಯ ಎಂದರೆ ಗಜಾನನನಿಗೆ ಹೊಳೆಗಿಂತ ಹೆಚ್ಚಿನ ಭಯ. ಹೊಸನಗರದಲ್ಲಿ ಅವನ ಚಿಕ್ಕಪ್ಪನೊಬ್ಬ ಮನೆ ಅಳಿಯ. ಒಳಗೆ ಅತ್ತೆ ಕೆಮ್ಮಿದರೆ ಹೊರಗೆ ಈತ ಎದ್ದು ನಿಲ್ಲುತ್ತಿದ್ದ. ಅದನ್ನು ನೆನೆದು ಗಜಾನನ ಬಾಯಿಬಿಟ್ಟ: “ಈಜಾ? ನಾನು ತೀರ್ಥಹಳ್ಳಿಯಲ್ಲಿ ಓದಿದವನು ಮಾವ. ತುಂಗೆ ಅಂದ್ರೆ ನಮಗೆ ಹಿತ್ತಿಲ ಬಚ್ಚಲು.”

ಹಾಗಾದರೆ ಒಮ್ಮೆ ತೋರಿಸಿ ಎಂದರು ಗೋಪಾಲಪ್ಪ. ಮಳೆಗಾಲದಲ್ಲಿ, ಕೆಂಪು ನೀರಿನಲ್ಲಿ ದಿಮ್ಮಿಗಳು ತೇಲಿ ಬರುತ್ತವೆ ಎಂದು ಗಜಾನನ ತಪ್ಪಿಸಿಕೊಂಡ. ಚಳಿಗಾಲದಲ್ಲಿ, ನೀರಿನ ಮೇಲಿನ ಹಬೆ ನೋಡಿ ಬೆಚ್ಚಗಿದೆ ಎಂದು ನಂಬಬಾರದು, ಮೈ ಮರಗಟ್ಟೀತು ಎಂದ. ಬೇಸಿಗೆ ಬಂದಾಗ, ಮೇಲೆ ಬೆಚ್ಚಗಿದ್ದರೂ ಆಳದಲ್ಲಿ ತಣ್ಣಗಿರುತ್ತದೆ, ಕಾಲು ಸೆಟೆದುಕೊಂಡರೆ ಎಂಥ ಈಜುಗಾರನೂ ಕಲ್ಲೇ ಎಂದ. ಹೇಳಿದ್ದೆಲ್ಲ ನಿಜವೇ. ಸುಳ್ಳು ಹೇಳದೆ ಸುಳ್ಳಾಡುವುದೇ ಡಿಗ್ರಿಯವರ ವಿದ್ಯೆ. ಆದರೆ ವರ್ಷಕ್ಕೆ ದೇವರು ಕೊಟ್ಟದ್ದು ಮೂರೇ ಕಾಲ. ಮೂರರ ನೆಪವೂ ಮುಗಿಯಿತು. ಭಾನುವಾರ ಬರುತ್ತೇನೆ, ನೀರು ಹ್ಯಾಗಿದ್ದರೂ ಸರಿ ಎಂದು ಗೋಪಾಲಪ್ಪ ಹೇಳಿ ಕಳಿಸಿದರು.

ಗಜಾನನನ ಮನೆಯೊಡತಿ ಮೂಕಮ್ಮ. ಆ ಹೆಸರಿಟ್ಟವರು ಮಗು ಅಳುವುದನ್ನು ಕೇಳಿರಲಿಕ್ಕಿಲ್ಲ. ಭಾನುವಾರ ಬೆಳಗಾಗುವುದರೊಳಗೆ ಸುದ್ದಿಯನ್ನು ಮನೆಮನೆಗೂ ಮುಟ್ಟಿಸಿ ಬಂದು, ಅವನ ನೆತ್ತಿಗೆ ಎಣ್ಣೆ ತಟ್ಟತೊಡಗಿದಳು.

“ಬಾಳೆದಿಂಡು ತರ್ಸ್ಲನಾ? ನಮ್ಮೋರೆಲ್ಲ ಅದ್ನ ತಬ್ಕಂಡೇ ಕಲ್ತಿದ್ದು.”

“ನಾನು ಕಲಿಯೋಕೆ ಹೋಗ್ತಿಲ್ಲ ಮೂಕಮ್ಮ.”

“ಗೊತ್ತು ಮಾರಾಯ. ತೇಲಿ ಬರಕ್ಕೆ ಬೇಕಾಗ್ತದೆ ಅಂದೆ.”

ಗಜಾನನನ ಕೈಯಲ್ಲೂ ಒಂದು ದಿಂಡು ಇತ್ತು. ಅದು ಯಾರಿಗೂ ಕಾಣದ್ದು. ಬೇಸಿಗೆಯಲ್ಲಿ ಎಲ್ಲ ಕಡೆ ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ ತೋರಿಸುತ್ತಿದ್ದ ಥರ್ಮಾಮೀಟರು, ದೋಣಿಗಟ್ಟೆಯ ಪಕ್ಕದ ಒಂದು ಜಾಗದಲ್ಲಿ ಕೆಳಗೂ ಬೆಚ್ಚಗೆ ತೋರಿಸಿತ್ತು. ಹಗ್ಗದ ಕಲ್ಲು ಟಣ್ ಎಂದಿತ್ತು. ಬಿದಿರಿನ ಗಳು ಇಳಿಸಿ ನೋಡಿದರೆ ದಡದಿಂದ ನೀರೊಳಕ್ಕೆ ಇಳಿದು ಹೋದ ಯಾವುದೋ ಕಲ್ಲುಗೋಡೆ. ಅದರ ಮೇಲೆ ಕಾಲಿಟ್ಟು ನಡೆದರೆ ಕುತ್ತಿಗೆಯವರೆಗೆ ನೀರು. ಕೈ ಬಡಿದರೆ, ದಡದಲ್ಲಿದ್ದವರ ಕಣ್ಣಿಗೆ ಈಜು.

ಜೊತೆಯ ಗುಮಾಸ್ತ ಮುಕುಂದಯ್ಯನಿಗೆ ಮಾತ್ರ ಈ ಗುಟ್ಟು ಹೇಳಿದ್ದ. ಮುಕುಂದಯ್ಯ ಯಾರ ದನಿಯನ್ನಾದರೂ ಗಂಟಲಲ್ಲಿ ಕಟ್ಟಿ ಹಾಕಬಲ್ಲವನು. ಗಜಾನನ ನಾಲ್ಕು ಕೈ ಬಡಿದ ಕೂಡಲೇ ಅವನು ಪೊದೆಯ ಹಿಂದಿನಿಂದ ಎಂಜಿನಿಯರ ದನಿಯಲ್ಲಿ, ಡ್ಯೂಟಿಯ ಹೊತ್ತಿನಲ್ಲಿ ಈಜೇನು, ಮೇಲೆ ಬನ್ನಿ ಎಂದು ಗದರಿಸಬೇಕು. ಮರ್ಯಾದೆಯಾಗಿ ದಡ ಸೇರುವುದಕ್ಕೆ ಅದೇ ದಾರಿ.

ದಡದಲ್ಲಿ ಊರೇ ನೆರೆದಿತ್ತು. ಗೋಪಾಲಪ್ಪ ಎಲೆಯಡಿಕೆಯ ಕವಳ ಹಾಕಿಕೊಂಡು ಕಲ್ಲಿನ ಮೇಲೆ ಕೂತಿದ್ದರು. ಗಜಾನನ ಸರಕಾರಿ ಗಾಂಭೀರ್ಯದಿಂದ ಮೊದಲು ಥರ್ಮಾಮೀಟರು ಅದ್ದಿ, ತಲೆಯಾಡಿಸಿ, ಆ ಜಾಗವನ್ನೇ ಆರಿಸಿಕೊಂಡು ಇಳಿದ. ಮೊಣಕಾಲು, ಸೊಂಟ, ಎದೆ, ಕುತ್ತಿಗೆ. ಅಲ್ಲಿಂದ ಕೈ ಬಡಿಯಲು ಶುರು ಮಾಡಿದ. ಬೆಣ್ಣೆ ಬಂದರೂ ಕಡೆಯುವುದನ್ನು ನಿಲ್ಲಿಸದ ಸೊಸೆಯಂತೆ ಕಂಡ. ಮೂಕಮ್ಮ, “ನಮ್ಮನೆ ಬಾಡಿಗೆಯೋನು” ಎಂದು ಅಕ್ಕಪಕ್ಕದವರಿಗೆ ತೋರಿಸಿದಳು.

ಆಗ ಪೊದೆ ಮಾತಾಡಿತು. “ಯಾರ್ರೀ ಅದು, ಗಜಾನನ್? ವೆರಿ ಗುಡ್. ಹಾಗೇ ಸ್ವಲ್ಪ ಮುಂದೆ ಹೋಗಿ ನೋಡೋಣ.”

ಮುಕುಂದಯ್ಯನಿಗೆ ಗೆಳೆತನಕ್ಕಿಂತ ಗೇಲಿತನ ದೊಡ್ಡದು. ಗಜಾನನ ಅತ್ತ ಕೆಂಗಣ್ಣು ಬಿಟ್ಟ. “ಡೀಪ್ ವಾಟರ್‌ಗೆ ಹೋಗ್ರೀ. ಭಯವೇನು?” ಎಂದಿತು ಪೊದೆ. ದಡದವರು ಚಪ್ಪಾಳೆ ತಟ್ಟಿದರು. ಗಜಾನನ ಕೈ ಬಡಿಯುತ್ತಲೇ, ಹಗ್ಗದ ಮೇಲಿನ ದೊಂಬರಾಟದವನಂತೆ ಹೆಬ್ಬೆರಳಿನಿಂದ ತಡವುತ್ತ ಇನ್ನಷ್ಟು ಸರಿದ. ನೀರು ಗಲ್ಲಕ್ಕೆ ಬಂತು.

ಗೋಪಾಲಪ್ಪ ಕವಳ ಉಗಿದು, ಎದ್ದು ನೀರಿನ ಅಂಚಿಗೆ ಬಂದರು.

“ಅಳಿಯಂದ್ರೇ, ಅಲ್ಲೇ ನಿಲ್ಲಿ. ಇನ್ನೊಂದು ಹೆಜ್ಜೆ ಇಡ್ಬ್ಯಾಡಿ. ಮುಂದೆ ಬಾವಿ ಐತೆ.”

ಗಜಾನನನ ಕೈ ನಿಂತಿತು. ಕೈ ನಿಂತರೂ ಅವನು ಮುಳುಗಲಿಲ್ಲ. ಅದನ್ನು ಊರೆಲ್ಲ ನೋಡಿತು.

“ಯಾ... ಯಾವ ಬಾವಿ?”

“ನಮ್ಮನೇದು. ಮುಳುಗಡೆಗೆ ಮುಂಚೆ ನಾವು ಇದ್ದಿದ್ದು ಇಲ್ಲೇ. ನೀವು ಅಂಗಳದ ಸುತ್ತಿನ ಪಾಗಾರದ ಮ್ಯಾಲೆ ನಡ್ಕಂಡು ಬಂದು, ಈಗ ನಮ್ಮ ಬಚ್ಚಲು ಗ್ವಾಡೆ ಮ್ಯಾಲೆ ನಿಂತಿದೀರಿ. ಅಲ್ಲಿ ನೀರು ಯಾವಾಗ್ಲೂ ಬೆಚ್ಚಗೇ ಇರ್ತಿತ್ತು.”

ಮೂಕಮ್ಮ ಹುಟ್ಟಿದ ಮೇಲೆ ಮೊದಲ ಬಾರಿಗೆ ಹೆಸರು ಉಳಿಸಿಕೊಂಡಳು. ಪೊದೆಯೂ ಬಾಯಿ ಮುಚ್ಚಿತು. ಗಜಾನನ ಇದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡು, “ಹಾಗಾದ್ರೆ ಸಂಬಂಧ?” ಎಂದ.

“ಸಂಬಂಧಕ್ಕೆ ಎಂತ ಆಯ್ತು? ಈಜೋನಾಗ್ಲಿ, ಮನೆ ಅಳಿಯ ಆಗ್ಲಿ ಅಂದಿದ್ದೆ. ನೀವು ಮದುವೆಗೆ ಮುಂಚೇನೇ ಮನೆ ಹೊಕ್ಕಿದೀರಿ.”

ಅಷ್ಟು ಹೇಳಿ ಅವರು ನಕ್ಕರು. ಮೋಸ ಹೋಗಬೇಕಾಗಿದ್ದವರು ಅವರು. ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ. ಆ ನಗು ಆಚೆ ದಡಕ್ಕೆ ಬಡಿದು, ನೀರ ಮೇಲೆ ಹಾಯ್ದು ಈಚೆಗೆ ಬಂತು. ನಗುನಗುತ್ತಲೇ ಕೆಮ್ಮು ಬಂತು.

ಮಾವನ ಕೆಮ್ಮು ಕಿವಿಗೆ ಬಿದ್ದದ್ದೇ ತಡ, ಬೆಚ್ಚಗಿನ ನೀರಿನಲ್ಲಿ ನಡುಗುತ್ತಿದ್ದ ಗಜಾನನ ನೆಟ್ಟಗೆ ನಿಂತ.